ಹಿತ್ತಲ ಸಸಿಗಳಲ್ಲಿ ಹೊಸ ತಳಿಯ ಕುರುಹು

“ಹಿತ್ತಲ ಗಿಡ ಮದ್ದಲ್ಲ” ಎಂಬುದು ನಮ್ಮ ಹಿರಿಯರ ಗಾದೆ. ಕೈಗೆಟಕುವಷ್ಟು ಹತ್ತಿರವಿರುವ ವಸ್ತುವಿನ ಬೆಲೆ ನಮಗೆ ತಿಳಿಯದೆಂಬುದು ಅದರ ತಾತ್ಪರ್ಯ. ವಿಜ್ಞಾನವೆಂದೊಡನೆ ವಿದ್ಯಾರ್ಥಿಗಳ ಮನಸ್ಸು ದೂರದ ನಗರಗಳ ಪ್ರಯೋಗಶಾಲೆಗಳತ್ತ, ಬೆಲೆಬಾಳುವ ಯಂತ್ರಗಳತ್ತ ಹರಿಯುವುದು ಸಹಜ. ಆದರೆ ಸಸ್ಯಗಳ ವಂಶಗುಣಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ಇಳಿದು ಬರುತ್ತವೆಂಬ ದೊಡ್ಡ ಪ್ರಶ್ನೆಗೆ ಸರಿಯಾದ ಉತ್ತರ ದೊರೆತದ್ದು ಒಂದು ಮಠದ ಹಿತ್ತಲಿನಲ್ಲಿ. ಈಗಿನ ಚೆಕ್ ದೇಶಕ್ಕೆ ಸೇರಿದ ಬ್ರನೋ ನಗರದ ಮಠದಲ್ಲಿದ್ದ ಗ್ರೆಗರ್ ಮೆಂಡೆಲ್ ಎಂಬ ಸಂನ್ಯಾಸಿಯು 1856ರಿಂದ 1863ರ ವರೆಗೆ ಬಟಾಣಿ ಗಿಡಗಳನ್ನು ಬೆಳೆಸಿ, ಒಂದರೊಡನೊಂದನ್ನು ಸಂಕರ ಮಾಡಿ, ಹುಟ್ಟಿದ ಗಿಡಗಳನ್ನು ತಾಳ್ಮೆಯಿಂದ ಎಣಿಸಿದನು. ಆ ತೋಟದ ಉದ್ದ ಸುಮಾರು 35 ಮೀಟರು, ಅಗಲ 7 ಮೀಟರು. ಇಷ್ಟು ನೆಲವನ್ನು ಹೊಂದಿಸುವುದು ನಮ್ಮ ಶಾಲೆಗಳಿಗೂ ಹೊಲವುಳ್ಳ ಮನೆಗಳಿಗೂ ಅಸಾಧ್ಯವಾದ ಮಾತಲ್ಲ.

ಹಿತ್ತಲಿನ ಸಸಿಗಳ ನಡುವೆ ಎಂದಾದರೊಮ್ಮೆ ಗುಂಪಿಗೆ ಸೇರದ ಸಸಿಯೊಂದು ಏಳುತ್ತದೆ. ಎಲೆಯ ಬಣ್ಣ ಬೇರೆ, ಎತ್ತರ ಬೇರೆ, ಹೂವಿನ ರೂಪ ಬೇರೆ. ನಾವು ಅದನ್ನು ಕಳೆಯೆಂದೋ ರೋಗದ ಸಸಿಯೆಂದೋ ಬಗೆದು ಕಿತ್ತೊಗೆಯುತ್ತೇವೆ. ಹಾಗೆ ಕೀಳುವ ಮೊದಲು ನೋಡತಕ್ಕದ್ದೇನು, ನೋಡಿದ ಮೇಲೆ ಮಾಡತಕ್ಕದ್ದೇನು ಎಂಬುದೇ ಈ ಪಾಠದ ವಿಷಯ.

ನಮ್ಮ ಸೀಮೆಯ ಮೂರು ಸಾಕ್ಷಿಗಳು

ಈ ಮಾತಿಗೆ ಸಾಕ್ಷಿಯನ್ನು ಹುಡುಕಲು ನಾವು ದೂರ ಹೋಗಬೇಕಾದುದಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಸುತ್ತಿನ ಎರೆಭೂಮಿಯಲ್ಲಿ ಹಿಂಗಾರಿ ಜೋಳವೇ ಜನರ ಜೀವಾಳ. ಅದರಲ್ಲಿಯೂ ಮಾಲದಂಡಿ ಜೋಳದ ರೊಟ್ಟಿಯೆಂದರೆ ಹೇಳುವುದೇ ಬೇಡ. ಇಂದಿಗೂ ಹೆಸರುವಾಸಿಯಾಗಿರುವ ‘ಎಂ 35-1’ ಎಂಬ ತಳಿಯು ಸೊಲ್ಲಾಪುರ ಜಿಲ್ಲೆಯ ಮೋಹೋಳದ ಸಂಶೋಧನಾ ಕೇಂದ್ರದಲ್ಲಿ 1930ರ ದಶಕದಲ್ಲಿ ಆಯ್ಕೆಯಾದದ್ದು. ಅದನ್ನು ಯಾರೂ ಹೊರದೇಶದಿಂದ ತರಲಿಲ್ಲ. ರೈತರು ತಲೆಮಾರುಗಳಿಂದ ಬಿತ್ತುತ್ತ ಬಂದಿದ್ದ ಮಾಲದಂಡಿಯ ಬೆರಕೆ ಬೆಳೆಯಲ್ಲಿಯೇ ಉತ್ತಮವಾದುದನ್ನು ಆರಿಸಿ, ಅದರ ಬೀಜವನ್ನು ಬೇರೆಯಾಗಿ ಬೆಳೆಸಿದ್ದರಿಂದ ಅದು ಬಂದಿತು.

ಎರಡನೆಯ ಸಾಕ್ಷಿ ದಾಳಿಂಬೆ. ನಮ್ಮ ಜಿಲ್ಲೆಯ ಒಣಭೂಮಿಗೆ ಸಂಪತ್ತನ್ನು ತಂದ ಈ ಹಣ್ಣಿನಲ್ಲಿ ‘ಗಣೇಶ’ ಎಂಬ ತಳಿಯಿದೆ. ಪುಣೆಯ ಗಣೇಶಖಿಂಡದ ಹಣ್ಣಿನ ತೋಟದಲ್ಲಿ 1936ರಲ್ಲಿ ಡಾ. ಜಿ. ಎಸ್. ಚೀಮಾ ಅವರು ಆಳಂದಿ ಎಂಬ ಹಳೆಯ ತಳಿಯ ಬೀಜಗಳಿಂದೆದ್ದ ಸಸಿಗಳ ನಡುವೆ ಇದನ್ನು ಗುರುತಿಸಿದರು. ಅದರ ಕಾಳು ಮೆತ್ತಗಿದ್ದು ಅಗಿಯಲು ಹಿತವಾಗಿದ್ದಿತು. ಇಂದು ನಮ್ಮ ಪೇಟೆಗಳನ್ನು ತುಂಬಿರುವ ಕೇಸರಿ ಬಣ್ಣದ ‘ಭಗವಾ’ ತಳಿಯು ಇದೇ ಗಣೇಶದ ಸಂತತಿ. ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದವರು ಗಣೇಶವನ್ನು ‘ಗುಲ್-ಎ-ಶಾಹ್ ರೆಡ್’ ಎಂಬ ಕೆಂಪು ತಳಿಯೊಡನೆ ಸಂಕರ ಮಾಡಿ, ಆ ಸಂಕರದ ಮೊಮ್ಮಕ್ಕಳ ಪೈಕಿ ಇದನ್ನು ಆರಿಸಿದರು.

ಮೂರನೆಯದು ದ್ರಾಕ್ಷಿ. ಇದರ ಕಥೆ ಇನ್ನೂ ವಿಸ್ಮಯಕರವಾದುದು. ‘ಥಾಮ್ಸನ್ ಸೀಡ್‌ಲೆಸ್’ ಎಂಬ ಬೀಜವಿಲ್ಲದ ದ್ರಾಕ್ಷಿಯ ಬಳ್ಳಿಗಳನ್ನು ನಮ್ಮ ನೆರೆಯ ರೈತರು ಬಹುಕಾಲದಿಂದ ಬೆಳೆಸುತ್ತಿದ್ದಾರೆ. ಈ ಬಳ್ಳಿಗಳ ನಡುವೆ ಎಲ್ಲೋ ಒಂದರಲ್ಲಿ ಉಳಿದವುಗಳಿಗಿಂತ ಭಿನ್ನವಾದ ಗೊನೆಗಳು ಕಾಣಿಸಿಕೊಂಡವು. ಸಾಂಗಲಿ ಜಿಲ್ಲೆಯ ತಾಸಗಾಂವದ ಕಡೆ ಹೀಗೆ ದೊರೆತದ್ದು ‘ತಾಸ್-ಎ-ಗಣೇಶ’. ಸೊಲ್ಲಾಪುರದ ಹತ್ತಿರದ ನಾನ್ನಜದಲ್ಲಿ ರೈತರಾದ ನಾನಾಸಾಹೇಬ ಕಾಳೆಯವರು ಗುರುತಿಸಿದ್ದು ನೀಳವಾದ ಹಣ್ಣಿನ ‘ಸೋನಾಕಾ’. ಅಲ್ಲಿಯೇ ‘ಕಿಶ್ಮಿಶ್ ಚೋರ್ನಿ’ ಎಂಬ ಕಪ್ಪು ದ್ರಾಕ್ಷಿಯಿಂದ ‘ಶರದ್ ಸೀಡ್‌ಲೆಸ್’ ಹೊರಬಂದಿತು. ಇವುಗಳನ್ನು ಕಂಡುಹಿಡಿಯಲು ಬೇಕಾದ ಸಾಧನ ಒಂದೇ: ಪ್ರತಿದಿನವೂ ತೋಟದಲ್ಲಿ ನಡೆದಾಡುವ, ನೋಡಿದ್ದನ್ನು ಮರೆಯದ ಕಣ್ಣು.

ಭೇದಕ್ಕೆ ಕಾರಣಗಳು ಮೂರು

ಒಂದೇ ಮಡಿಯ ಎರಡು ಸಸಿಗಳು ಒಂದೇ ತೆರನಾಗಿಲ್ಲವೆಂದರೆ ಅದಕ್ಕೆ ಮೂರು ಕಾರಣಗಳಿರಬಹುದು. ಈ ಮೂರನ್ನು ಬೇರ್ಪಡಿಸಿ ತಿಳಿಯುವುದೇ ಈ ವಿದ್ಯೆಯ ಮೊದಲ ಮೆಟ್ಟಿಲು.

ಮೊದಲನೆಯದು ನೆಲೆಯ ಭೇದ. ಒಂದು ಸಸಿಗೆ ಗೊಬ್ಬರ ಹೆಚ್ಚು ದೊರೆತಿರಬಹುದು, ಇನ್ನೊಂದು ಗೋಡೆಯ ನೆರಳಿನಲ್ಲಿ ಸೊರಗಿರಬಹುದು. ಇಂತಹ ಭೇದ ಆ ಗಿಡದೊಡನೆಯೇ ಮುಗಿಯುತ್ತದೆ. ಅದರ ಬೀಜಕ್ಕೆ ಇಳಿಯುವುದಿಲ್ಲ. ಹೊಟ್ಟೆತುಂಬ ಉಂಡವನ ಮಗ ಹೊಟ್ಟೆತುಂಬಿಯೇ ಹುಟ್ಟುವನೆ?

ಎರಡನೆಯದು ಬೆರಕೆಯ ಭೇದ. ಒಂದೊಂದು ಗಿಡದಲ್ಲಿಯೂ ತಂದೆಯ ಕಡೆಯಿಂದ ಬಂದ ಗುಣಗಳೂ ತಾಯಿಯ ಕಡೆಯಿಂದ ಬಂದ ಗುಣಗಳೂ ಜೊತೆಗೂಡಿರುತ್ತವೆ. ಗುಣಗಳನ್ನು ಒಯ್ಯುವ ಈ ಅಂಶಗಳಿಗೆ ವಂಶವಾಹಿಗಳೆಂದು ಹೆಸರು. ಬೀಜ ಕಟ್ಟುವಾಗಲೆಲ್ಲ ಅವು ಇಸ್ಪೀಟಿನ ಎಲೆಗಳನ್ನು ಕಲಸಿ ಹಂಚಿದಂತೆ ಹೊಸದಾಗಿ ಹಂಚಿಹೋಗುತ್ತವೆ. ಮೆಣಸಿನಕಾಯಿ, ಸೋರೆ, ಕುಂಬಳಗಳಲ್ಲಿ ದುಂಬಿ ಜೇನುಗಳು ನೆರೆಯವರ ಗಿಡದ ಪರಾಗವನ್ನೂ ಹೊತ್ತು ತರುವುದರಿಂದ ಈ ಬೆರಕೆ ಮತ್ತಷ್ಟು ಹೆಚ್ಚು. ಇಲ್ಲಿ ಎಲೆಗಳು ಹಳೆಯವೇ, ಕೈಗೆ ಬಂದ ಆಟ ಮಾತ್ರ ಹೊಸತು. ಗಣೇಶ ಮತ್ತು ಭಗವಾ ದಾಳಿಂಬೆಗಳು ದೊರೆತದ್ದು ಇಂತಹ ಹೊಸ ಹಂಚಿಕೆಯನ್ನು ನೋಡಿ ಆರಿಸಿದ್ದರಿಂದ.

ಮೂರನೆಯದೇ ಉತ್ಪರಿವರ್ತನೆ. ಇಂಗ್ಲಿಷಿನ ‘ಮ್ಯುಟೇಷನ್’ ಎಂಬ ಮಾತಿಗೆ ನಾವು ಬಳಸುವ ಶಬ್ದವಿದು. ಇಲ್ಲಿ ಇಸ್ಪೀಟಿನ ಎಲೆಯೇ ಬದಲಾಗುತ್ತದೆ. ಜೀವಕೋಶವು ಎರಡಾಗಿ ಒಡೆಯುವ ಮೊದಲು ತನ್ನಲ್ಲಿರುವ ವಂಶವಾಹಿಗಳನ್ನೆಲ್ಲ ನಕಲು ಮಾಡಿಕೊಳ್ಳಬೇಕು. ಹಳೆಯ ಓಲೆಗರಿಯನ್ನು ಪ್ರತಿಮಾಡುವ ಲಿಪಿಕಾರನು ಎಲ್ಲಿಯೋ ಒಂದು ಅಕ್ಷರವನ್ನು ತಪ್ಪಿ ಬರೆದರೆ ಮುಂದಿನ ಪ್ರತಿಗಳಲ್ಲೆಲ್ಲ ಅದೇ ತಪ್ಪು ಮುಂದುವರಿಯುವುದಲ್ಲವೆ? ಉತ್ಪರಿವರ್ತನೆಯೂ ಹಾಗೆಯೇ. ಇಂತಹ ತಪ್ಪುಗಳಲ್ಲಿ ಬಹಳಷ್ಟು ಕಣ್ಣಿಗೆ ಕಾಣವು; ಕಾಣುವವುಗಳಲ್ಲಿ ಹೆಚ್ಚಿನವು ಗಿಡಕ್ಕೆ ಹಾನಿಕರ; ಎಲ್ಲಿಯೋ ಒಂದು ಮಾತ್ರ ನಮಗೆ ಉಪಯೋಗಕ್ಕೆ ಬರುತ್ತದೆ. ಯಾವುದಾದರೊಂದು ನಿರ್ದಿಷ್ಟ ವಂಶವಾಹಿಯಲ್ಲಿ ಇಂತಹ ಬದಲಾವಣೆಯಾಗುವುದು ಲಕ್ಷಕ್ಕೊಮ್ಮೆಯೋ ಹತ್ತು ಲಕ್ಷಕ್ಕೊಮ್ಮೆಯೋ ಎನ್ನುವಷ್ಟು ವಿರಳ. ಆದರೆ ಗಿಡದಲ್ಲಿರುವ ವಂಶವಾಹಿಗಳು ಹತ್ತಾರು ಸಾವಿರ, ಹೊಲದಲ್ಲಿರುವ ಗಿಡಗಳೂ ಲಕ್ಷಗಟ್ಟಲೆ. ಆದುದರಿಂದ ಹೊಸತು ಹುಟ್ಟುವುದಕ್ಕೆ ಕೊರತೆಯಿಲ್ಲ; ಕೊರತೆಯಿರುವುದು ನೋಡುವವರದು.

ಈ ಮಾತನ್ನು ವಿಜ್ಞಾನದಲ್ಲಿ ಬಳಕೆಗೆ ತಂದವನು ಹಾಲೆಂಡಿನ ಹ್ಯೂಗೋ ಡಿ ವ್ರೀಸ್. 1886ರಲ್ಲಿ ಹಿಲ್ವರ್ಸಮ್ ಎಂಬ ಊರಿನ ಬಳಿ, ಬೀಳುಬಿದ್ದ ಆಲೂಗಡ್ಡೆಯ ಹೊಲದಲ್ಲಿ ಹಳದಿ ಹೂವಿನ ಕಾಡುಗಿಡಗಳ ಗುಂಪಿನಲ್ಲಿ ಬೇರೆ ಬಗೆಯ ಗಿಡಗಳನ್ನು ಆತನು ಕಂಡನು. ಅವುಗಳ ಬೀಜವನ್ನು ತನ್ನ ತೋಟದಲ್ಲಿ ವರ್ಷಾನುಗಟ್ಟಲೆ ಬಿತ್ತಿ ಪರೀಕ್ಷಿಸಿ, 1901ರಿಂದ ತನ್ನ ಗ್ರಂಥವನ್ನು ಪ್ರಕಟಿಸಿದನು. ಆತನು ಕಂಡ ಭೇದಗಳಲ್ಲಿ ಹಲವು ಬೇರೆ ಬಗೆಯ ಕಾರಣಗಳಿಂದಾದವೆಂದು ಮುಂದಿನವರು ತೋರಿಸಿಕೊಟ್ಟರು. ಆದರೂ ಆತನ ಕ್ರಮ ನಮಗೆ ಮಾದರಿ: ಕಂಡದ್ದನ್ನು ಕೊಂಡಾಡಿ ಸುಮ್ಮನಾಗದೆ ಬಿತ್ತಿ ನೋಡಿದನು.

ಸಂಜೆಮಲ್ಲಿಗೆ ಕಲಿಸುವ ಪಾಠ

ಉತ್ಪರಿವರ್ತನೆಯು ನಡೆದ ಗುರುತನ್ನು ಕಣ್ಣಾರೆ ನೋಡಬೇಕೆನ್ನುವವರು ಸಂಜೆಮಲ್ಲಿಗೆಯ ಬಳಿ ಹೋಗಬೇಕು. ನಮ್ಮ ಮರಾಠಿ ನೆರೆಹೊರೆಯವರು ಗುಲಬಕ್ಷಿಯೆಂದು ಕರೆಯುವ ಈ ಗಿಡ ಬಚ್ಚಲ ನೀರು ಹರಿಯುವಲ್ಲಿಯೂ ತಾನಾಗಿ ಬೆಳೆಯುತ್ತದೆ. ಕೆಲವು ಗಿಡಗಳಲ್ಲಿ ಹಳದಿಯ ಹೂವಿನ ಮೇಲೆ ಕೆಂಪು ಚುಕ್ಕೆಗಳೂ ಪಟ್ಟೆಗಳೂ ಇರುವುದನ್ನು ನೀವು ಕಂಡಿರಬಹುದು. ಒಂದು ಹೂವಿನಂತೆ ಮತ್ತೊಂದಿಲ್ಲ. ಕೆಂಪು ಬಣ್ಣವನ್ನು ಉಂಟುಮಾಡುವ ವಂಶವಾಹಿ ಇಂತಹ ಗಿಡದಲ್ಲಿ ಕೆಟ್ಟಿರುತ್ತದೆ. ಆದರೆ ಅದು ಚಂಚಲವಾದುದರಿಂದ ಹೂ ಬೆಳೆಯುತ್ತಿರುವಾಗ ಅಲ್ಲೊಂದು ಇಲ್ಲೊಂದು ಜೀವಕೋಶದಲ್ಲಿ ಮತ್ತೆ ಸರಿಹೋಗುತ್ತದೆ. ಆ ಕೋಶದಿಂದ ಬೆಳೆದ ಭಾಗವೆಲ್ಲ ಕೆಂಪಾಗುತ್ತದೆ.

ಆದುದರಿಂದ ಕಲೆಯ ಅಳತೆಯನ್ನು ನೋಡಿ ಅದರ ಕಾಲವನ್ನು ಊಹಿಸಬಹುದು. ಬದಲಾವಣೆ ತಡವಾಗಿ ಆಗಿದ್ದರೆ ಸಣ್ಣ ಚುಕ್ಕೆ. ಮೊದಲೇ ಆಗಿದ್ದರೆ ಅಗಲವಾದ ಪಟ್ಟೆ. ಚಿಗುರಿನ ತುದಿಯಲ್ಲಿಯೇ ಆಗಿದ್ದರೆ ಆ ಕೊಂಬೆಯ ಹೂಗಳೆಲ್ಲ ಕೆಂಪು. ವಂಶವಾಹಿಯ ತುಣುಕುಗಳು ಹೀಗೆ ಸ್ಥಳ ಬದಲಿಸುತ್ತ ಗುಣಗಳನ್ನು ಕೆಡಿಸುವುದನ್ನೂ ಸರಿಪಡಿಸುವುದನ್ನೂ ಮೆಕ್ಕೆಜೋಳದ ಕಾಳುಗಳಲ್ಲಿ ಕಂಡುಹಿಡಿದ ಅಮೆರಿಕೆಯ ಬಾರ್ಬರಾ ಮೆಕ್‌ಕ್ಲಿಂಟಾಕ್ ಎಂಬ ವಿದುಷಿಗೆ 1983ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ದ್ರಾಕ್ಷಿಯ ಬಳ್ಳಿಯಲ್ಲಿ ನಡೆದದ್ದೂ ಇದಕ್ಕೆ ಸಮೀಪವಾದುದೇ. ಒಂದು ಕಣ್ಣಿನ ತುದಿಯ ಕೋಶದಲ್ಲಿ ಬದಲಾವಣೆಯಾಗಿ, ಆ ಕಣ್ಣಿನಿಂದೆದ್ದ ರೆಂಬೆಯ ಗೊನೆಗಳು ಭಿನ್ನವಾದವು. ಇದಕ್ಕೆ ಮೊಗ್ಗಿನ ಉತ್ಪರಿವರ್ತನೆಯೆನ್ನಬಹುದು. ಆ ರೆಂಬೆಯ ಕಡ್ಡಿಯನ್ನು ಕತ್ತರಿಸಿ ನೆಟ್ಟರೆ, ಅಥವಾ ಬೇರೆ ಬುಡಕ್ಕೆ ಕಸಿ ಕಟ್ಟಿದರೆ ಹೊಸ ಗುಣವು ಉಳಿಯುತ್ತದೆ. ಮುಂದಿನ ಛಾಟಣಿಯಲ್ಲಿ ಅರಿಯದೆ ಅದನ್ನು ಸವರಿ ಒಗೆದರೆ ಆ ತಳಿ ಅಂದಿಗೇ ಮುಗಿಯಿತು. ಎಷ್ಟು ಒಳ್ಳೆಯ ತಳಿಗಳು ಹೀಗೆ ಸೌದೆಯ ಹೊರೆಯಲ್ಲಿ ಹೋಗಿವೆಯೋ ಬಲ್ಲವರಾರು?

ಸಂಜೆಮಲ್ಲಿಗೆಯು ಮತ್ತೊಂದು ಪಾಠವನ್ನೂ ಕಲಿಸುತ್ತದೆ. 1900ರಲ್ಲಿ ಮೆಂಡೆಲನ ನಿಯಮಗಳನ್ನು ಮರಳಿ ಬೆಳಕಿಗೆ ತಂದವರಲ್ಲಿ ಒಬ್ಬನಾದ ಜರ್ಮನಿಯ ಕಾರ್ಲ್ ಕೊರೆನ್ಸ್ ಎಂಬಾತನು ಇದೇ ಗಿಡದ ಶುದ್ಧ ಕೆಂಪು ತಳಿಯನ್ನೂ ಶುದ್ಧ ಬಿಳಿ ತಳಿಯನ್ನೂ ಸಂಕರ ಮಾಡಿದನು. ಮಕ್ಕಳೆಲ್ಲ ಗುಲಾಬಿ ಬಣ್ಣದವು. ಆ ಗುಲಾಬಿ ಗಿಡಗಳ ಬೀಜವನ್ನು ಬಿತ್ತಿದಾಗ ನಾಲ್ಕರಲ್ಲಿ ಒಂದು ಪಾಲು ಕೆಂಪು, ಎರಡು ಪಾಲು ಗುಲಾಬಿ, ಒಂದು ಪಾಲು ಬಿಳಿ. ಗುಲಾಬಿಯಲ್ಲಿ ಕರಗಿ ಹೋದಂತೆ ಕಂಡ ಬಿಳಿಯ ಗುಣವು ಎಲ್ಲಿಯೂ ಹೋಗಿರಲಿಲ್ಲ. ಈ ಪ್ರಯೋಗವನ್ನು ನಮ್ಮ ವಿದ್ಯಾರ್ಥಿಗಳೂ ಮಾಡಬಹುದು.

ಕೈಯಿಂದ ಸಂಕರ ಮಾಡುವ ಕ್ರಮ

ಈ ಹೂವು ಸಂಜೆ ನಾಲ್ಕರಿಂದ ಆರರೊಳಗೆ ಅರಳಿ ಮರುದಿನ ಬೆಳಗ್ಗೆ ಮುಚ್ಚುತ್ತದೆ. ಮುಚ್ಚುವಾಗ ಕೇಸರಗಳು ಸುರುಳಿಗೊಂಡು ತಮ್ಮ ಪರಾಗವನ್ನು ತಮ್ಮ ಹೂವಿನ ಶಲಾಕೆಯ ತುದಿಗೇ ಮುಟ್ಟಿಸುವುದುಂಟು. ಆದುದರಿಂದ ನಮ್ಮ ಕೆಲಸ ಅರಳುವ ಮೊದಲೇ ನಡೆಯಬೇಕು.

ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ, ಅಂದು ಅರಳಲಿರುವ ಉಬ್ಬಿದ ಮೊಗ್ಗನ್ನು ಬಿಳಿಯ ಗಿಡದಲ್ಲಿ ಆರಿಸಿಕೊಳ್ಳಿರಿ. ಸೂಜಿಯಿಂದ ಮೆಲ್ಲನೆ ಸೀಳಿ, ಒಳಗಿನ ಐದು ಕೇಸರಗಳನ್ನು ಚಿಮಟದಿಂದ ತೆಗೆದುಹಾಕಿರಿ. ನಡುವಿನ ಶಲಾಕೆಗೆ ನೋವಾಗಬಾರದು. ತೆಳುವಾದ ಅರಿವೆಯ ಚಿಕ್ಕ ಚೀಲದಿಂದ ಅದನ್ನು ಮುಚ್ಚಿರಿ. ಪರಾಗ ಕೊಡಬೇಕಾದ ಕೆಂಪು ಮೊಗ್ಗನ್ನೂ ಹಾಗೆಯೇ ಮುಚ್ಚಿಡಿರಿ. ಸಂಜೆ ಕೆಂಪು ಹೂವು ಅರಳಿದೊಡನೆ ಅದರ ಕೇಸರವನ್ನು ತಂದು ಶಲಾಕೆಯ ತುದಿಗೆ ಸವರಿ, ಮತ್ತೆ ಚೀಲ ಕಟ್ಟಿ, ತೊಟ್ಟಿಗೆ ಬಣ್ಣದ ದಾರವನ್ನು ಗುರುತಾಗಿ ಕಟ್ಟಿರಿ. ಮರುದಿನ ಹೂವು ಬಾಡಿದ ಮೇಲೆ ಚೀಲವನ್ನು ತೆಗೆಯಬಹುದು. ಒಂದು ಹೂವಿಗೆ ಒಂದೇ ಬೀಜ. ಹತ್ತು ಬೀಜ ಬೇಕಾದರೆ ಹತ್ತಕ್ಕಿಂತ ಹೆಚ್ಚು ಹೂಗಳಲ್ಲಿ ಈ ಕೆಲಸ ಮಾಡಬೇಕು. ಬೀಜವು ಕಪ್ಪಾಗಿ ಉದುರುವ ಮೊದಲೇ ಅದನ್ನು ಬಿಡಿಸಿಕೊಳ್ಳತಕ್ಕದ್ದು. ಈ ಗಿಡದ ಬೀಜವೂ ಗೆಡ್ಡೆಯೂ ವಿಷಕರ. ಚಿಕ್ಕ ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕು.

ಆರಂಭದಲ್ಲಿ ಒಂದು ವರ್ಷವನ್ನು ತಂದೆ-ತಾಯಿ ಗಿಡಗಳ ಶುದ್ಧತೆಯ ಪರೀಕ್ಷೆಗೆ ಮೀಸಲಿಡುವುದು ಒಳ್ಳೆಯದು. ಮೊಗ್ಗಿನಲ್ಲಿಯೇ ಚೀಲ ಕಟ್ಟಿದ ಬಿಳಿಯ ಹೂವಿನ ಬೀಜಗಳಿಂದ ಬಿಳಿಯದೇ, ಕೆಂಪಿನಿಂದ ಕೆಂಪೇ ಬಂದರೆ ಮಾತ್ರ ಮುಂದಿನ ಎಣಿಕೆ ನಂಬತಕ್ಕದ್ದು. ಎರಡನೆಯ ವರ್ಷ ಸಂಕರ, ಮೂರನೆಯ ವರ್ಷ ಮಕ್ಕಳು, ನಾಲ್ಕನೆಯ ವರ್ಷ ಮೊಮ್ಮಕ್ಕಳು. ಐದನೆಯ ತರಗತಿಯಲ್ಲಿ ತೊಡಗಿದ ವಿದ್ಯಾರ್ಥಿ ಎಂಟನೆಯ ತರಗತಿಯಲ್ಲಿ ಫಲವನ್ನು ಎಣಿಸುವನು. ನಲವತ್ತು ಸಸಿಗಳಲ್ಲಿ ಹತ್ತು, ಇಪ್ಪತ್ತು, ಹತ್ತು ಎಂದು ಸರಿಯಾಗಿಯೇ ಬರಬೇಕೆಂದಿಲ್ಲ. ಎಂಟು, ಇಪ್ಪತ್ತಮೂರು, ಒಂಬತ್ತು ಬಂದರೂ ಅಚ್ಚರಿಯಿಲ್ಲ. ಬಂದ ಲೆಕ್ಕವನ್ನೇ ಬರೆಯಿರಿ; ಪುಸ್ತಕದ ಲೆಕ್ಕಕ್ಕೆ ಹೊಂದಿಸಬೇಡಿರಿ.

ಸಸಿಮಡಿಯಲ್ಲಿ ನೋಡತಕ್ಕದ್ದು

ಹೊಸ ಲಕ್ಷಣವನ್ನು ಗುರುತಿಸಬೇಕಾದರೆ ಹಳೆಯ ಲಕ್ಷಣದ ಪರಿಚಯ ಚೆನ್ನಾಗಿರಬೇಕು. ನೂರು ಬದನೆಯ ಸಸಿಗಳನ್ನು ನೋಡಿದವನಿಗೆ ಮಾತ್ರ ನೂರ ಒಂದನೆಯದು ಬೇರೆಯೆಂದು ತಿಳಿಯುತ್ತದೆ. ಒಂದೇ ಜಾತಿಯ ಬೀಜವನ್ನು ಐವತ್ತರಿಂದ ನೂರರ ವರೆಗೆ, ಒಂದೇ ದಿನ, ಒಂದೇ ಬಗೆಯ ಮಣ್ಣಿನಲ್ಲಿ, ಸಾಲಾಗಿ ಬಿತ್ತುವುದು ಉತ್ತಮ.

ಮೊಳಕೆಯಲ್ಲಿ ಬಣ್ಣವನ್ನು ನೋಡಿರಿ. ಮೆಕ್ಕೆಜೋಳವನ್ನೋ ಜೋಳವನ್ನೋ ಹೆಚ್ಚಾಗಿ ಬಿತ್ತಿದಾಗ ಒಮ್ಮೊಮ್ಮೆ ಅಚ್ಚ ಬಿಳಿಯ ಸಸಿ ಏಳುತ್ತದೆ. ಎಲೆಗೆ ಹಸಿರನ್ನು ಕೊಡುವ ಪತ್ರಹರಿತ್ತು ಅದರಲ್ಲಿಲ್ಲ. ಬೀಜದಲ್ಲಿದ್ದ ಬುತ್ತಿ ಮುಗಿಯುವ ವರೆಗೆ ಬದುಕಿ, ತನ್ನ ಆಹಾರವನ್ನು ತಾನು ಸಿದ್ಧಗೊಳಿಸಲಾರದೆ ಅದು ಸಾಯುತ್ತದೆ. ಸಾಯುವ ಗುಣವು ವಂಶದಲ್ಲಿ ಉಳಿದದ್ದು ಹೇಗೆಂದು ಕೇಳುವಿರಾ? ಹಸಿರಾದ ತಂದೆ-ತಾಯಿಗಳಲ್ಲಿ ಅದು ಅಡಗಿತ್ತು. ಒಳ್ಳೆಯ ಪ್ರತಿಯೊಂದು ಜೊತೆಗಿದ್ದಾಗ ಕೆಟ್ಟ ಪ್ರತಿಯು ಹೊರಗೆ ಕಾಣುವುದಿಲ್ಲ. ಎರಡು ಕೆಟ್ಟ ಪ್ರತಿಗಳು ಒಂದೇ ಬೀಜದಲ್ಲಿ ಕೂಡಿದಾಗ ಬಯಲಾಗುತ್ತದೆ. ಉತ್ಪರಿವರ್ತನೆಯು ನಡೆದ ಮರುವರ್ಷವೇ ಕಾಣದೆ, ಎಷ್ಟೋ ತಲೆಮಾರುಗಳ ಮೇಲೆ ಕಾಣುವುದಕ್ಕೆ ಇದೇ ಕಾರಣ.

ಬಳಿಕ ಎಲೆಯ ಅಂಚು ಮತ್ತು ಆಕಾರ, ಗಿಣ್ಣುಗಳ ಅಂತರ, ಗಿಡ್ಡತನ, ಮೊದಲ ಹೂ ಅರಳಿದ ದಿನ, ಹೂವಿನ ಬಣ್ಣ ಮತ್ತು ದಳಗಳ ಎಣಿಕೆ, ಕಾಯಿಯ ರೂಪ, ಬೀಜದ ಬಣ್ಣ ಇವನ್ನು ಕ್ರಮವಾಗಿ ಗಮನಿಸಿರಿ. ಹತ್ತು ದಿನ ಮೊದಲೇ ಹೂಬಿಟ್ಟ ಗಿಡ ನೋಟಕ್ಕೆ ಸಾಧಾರಣವಾಗಿದ್ದರೂ ಮಳೆ ಕಡಿಮೆಯಾದ ನಮ್ಮ ಸೀಮೆಗೆ ಅದರ ಬೆಲೆ ದೊಡ್ಡದು.

ಅಮೆರಿಕೆಯ ಲೂಥರ್ ಬರ್ಬ್ಯಾಂಕ್ ಎಂಬ ತರುಣನು 1870ರ ದಶಕದ ಮೊದಲಲ್ಲಿ ಆಲೂಗಡ್ಡೆಯ ಗಿಡದಲ್ಲಿ ವಿರಳವಾಗಿ ಕಟ್ಟುವ ಒಂದೇ ಒಂದು ಕಾಯಿಯನ್ನು ಕಂಡನು. ಅದರಲ್ಲಿದ್ದದ್ದು 23 ಬೀಜಗಳು. ಎಲ್ಲವನ್ನೂ ಬಿತ್ತಿ, ಒಂದೊಂದರ ಗೆಡ್ಡೆಯನ್ನೂ ಬೇರೆ ಬೇರೆಯಾಗಿ ತೂಗಿ ನೋಡಿದನು. ಅವುಗಳಲ್ಲಿ ಒಂದರಿಂದ ಬಂದ ತಳಿಯು ಅವನ ಹೆಸರಿನಿಂದಲೇ ಲೋಕಪ್ರಸಿದ್ಧವಾಯಿತು. ಬೀಜಗಳನ್ನು ಬೆರೆಸಿ ಬಿತ್ತಿದ್ದರೆ ಅವನಿಗೆ ದೊರೆಯುತ್ತಿದ್ದುದು ಒಂದು ಬುಟ್ಟಿ ಗೆಡ್ಡೆ ಮಾತ್ರ.

ಮೋಸಗೊಳಿಸುವ ಲಕ್ಷಣಗಳು

ಬೇರೆಯಾಗಿ ಕಂಡದ್ದೆಲ್ಲ ಉತ್ಪರಿವರ್ತನೆಯಲ್ಲ. ಬೆಂಡೆಯ ಎಲೆಯ ನರಗಳು ಹಳದಿಯಾಗಿ ಬಲೆಯಂತೆ ಕಾಣುವುದು ಬಿಳಿನೊಣವು ಹರಡುವ ನಂಜುರೋಗ. ಬದನೆಯ ಎಲೆಗಳು ಕಿರಿದಾಗಿ ಒತ್ತೊತ್ತಾಗಿ ಗುಂಪುಗೂಡುವುದು ಜಿಗಿಹುಳುವು ತರುವ ಕಿರು ಎಲೆ ರೋಗ. ಮೆಣಸಿನ ಗಿಡದ ಎಲೆ ಮುದುಡುವುದಕ್ಕೆ ನುಸಿಯಾಗಲಿ ನಂಜುರೋಗವಾಗಲಿ ಕಾರಣವಿರಬಹುದು. ಇಂತಹ ಗಿಡಗಳನ್ನು ‘ಹೊಸ ತಳಿ’ಯೆಂದು ಉಳಿಸಿಕೊಂಡರೆ ತೋಟಕ್ಕೆಲ್ಲ ರೋಗ ಹಬ್ಬುವುದು. ದಿನದಿನಕ್ಕೂ ಪಕ್ಕದ ಗಿಡಗಳಿಗೆ ಹರಡುವ ಲಕ್ಷಣವು ರೋಗದ್ದೆಂದೇ ತಿಳಿಯಬೇಕು, ಉತ್ಪರಿವರ್ತನೆಯು ಅಂಟುಜಾಡ್ಯವಲ್ಲ.

ಕಾಂಡವು ಪಟ್ಟಿಯಂತೆ ಚಪ್ಪಟೆಯಾಗುವುದೂ ಹೀಗೆಯೇ. ಕೋಳಿಜುಟ್ಟಿನ ಹೂವಿನಲ್ಲಿ ಅದು ವಂಶದಿಂದ ಬಂದ ಗುಣ. ಆದುದರಿಂದಲೇ ಬೀಜದಿಂದ ಬೀಜಕ್ಕೆ ಇಳಿಯುತ್ತದೆ. ಬೇರೆ ಗಿಡಗಳಲ್ಲಿ ತುದಿಗೆ ಪೆಟ್ಟು ತಗಲಿದುದರಿಂದಲೂ ಆಗಬಹುದು. ಎರಡರ ಬದಲು ಮೂರು ಬೀಜದಳಗಳಿರುವ ಮೊಳಕೆ ನೋಡಲು ಸೊಗಸು. ಆದರೆ ಬೆಳೆದ ಮೇಲೆ ಸಾಮಾನ್ಯವಾಗಿ ಉಳಿದವುಗಳಂತೆಯೇ ಇರುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಹಿತ್ತಲಲ್ಲಿ ತಾನಾಗಿ ಎದ್ದ ಸೋರೆ, ಸೌತೆಗಳ ಕಾಯಿ ಕಹಿಯಾಗಿದ್ದರೆ ಅದನ್ನು ತಿನ್ನಬಾರದು, ಅದರ ರಸವನ್ನು ಕುಡಿಯಬಾರದು. ಆ ಕಹಿಯು ವಿಷ, ಬೇಯಿಸಿದರೂ ಹೋಗುವುದಿಲ್ಲ. ಅಂತಹ ಗಿಡದ ಬೀಜವನ್ನೂ ಇಡಬೇಡಿರಿ.

ಪರೀಕ್ಷೆಯ ಕ್ರಮ

ಗುಂಪಿಗೆ ಸೇರದ ಸಸಿಯನ್ನು ಕೀಳಬೇಡಿರಿ. ಹಾಗೆಂದು ಕೂಡಲೇ ನಂಬಲೂ ಬೇಡಿರಿ. ಅದನ್ನು ಪರೀಕ್ಷೆಗೆ ಒಡ್ಡಿರಿ. ಮೊದಲು ಅದರ ಪಕ್ಕದಲ್ಲಿ ಕೋಲು ನೆಟ್ಟು ಸಂಖ್ಯೆಯನ್ನು ಬರೆಯಿರಿ. ರೋಗದ ಸಂಶಯವಿದ್ದರೆ ಬೇರೊಂದು ಕುಂಡದಲ್ಲಿ ದೂರವಿಡಿರಿ. ಹೂವಿನ ಕೆಲವು ಮೊಗ್ಗುಗಳಿಗೆ ಚೀಲ ಕಟ್ಟಿ, ತನ್ನ ಪರಾಗದಿಂದಲೇ ಬೀಜ ಕಟ್ಟುವಂತೆ ಮಾಡಿರಿ. ಆ ಬೀಜವನ್ನು ಬೇರೆಯಾದ ಪೊಟ್ಟಣದಲ್ಲಿ, ಸಂಖ್ಯೆ ಮತ್ತು ದಿನಾಂಕಗಳೊಡನೆ, ಒಣಗಿಸಿ ಇಡಿರಿ. ಮರುವರ್ಷ ಸಾಮಾನ್ಯ ಗಿಡದ ಬೀಜದೊಡನೆ ಪಕ್ಕದ ಸಾಲಿನಲ್ಲಿ ಬಿತ್ತಿರಿ. ಪಕ್ಕದ ಸಾಲಿಲ್ಲದ ಪರೀಕ್ಷೆ ಪರೀಕ್ಷೆಯೇ ಅಲ್ಲ.

ಹೊಸ ಗುಣವು ಒಂದು ಸಸಿಯಲ್ಲಿಯೂ ಮರುಕಳಿಸದಿದ್ದರೆ ಅದು ಬಹುಶಃ ನೆಲೆಯ ಭೇದ. ಕೆಲವು ಸಸಿಗಳಲ್ಲಿ ಮಾತ್ರ ಬಂದರೆ ಅವುಗಳಿಂದ ಮತ್ತೆ ಬೀಜ ಹಿಡಿದು ಇನ್ನೊಂದು ವರ್ಷ ಬಿತ್ತಿರಿ. ಎಲ್ಲದರಲ್ಲಿಯೂ ಬಂದು, ಮೂರನೆಯ ವರ್ಷವೂ ಹಾಗೆಯೇ ಬಂದರೆ ಗುಣವು ಸ್ಥಿರವಾಯಿತು. ಅದು ಬೆರಕೆಯಿಂದ ಬಂದದ್ದೋ ಉತ್ಪರಿವರ್ತನೆಯಿಂದ ಬಂದದ್ದೋ ಎಂಬುದನ್ನು ಹಿತ್ತಲಿನಲ್ಲಿ ನಿಷ್ಕರ್ಷಿಸುವುದು ಕಷ್ಟ. ಉಪಯೋಗದ ದೃಷ್ಟಿಯಿಂದ ಎರಡೂ ಬೇಕಾದವುಗಳೇ. ಗುಲಾಬಿ, ದಾಸವಾಳ, ದಾಳಿಂಬೆ, ದ್ರಾಕ್ಷಿಗಳಲ್ಲಿ ಒಂದೇ ರೆಂಬೆ ಭಿನ್ನವಾಗಿದ್ದರೆ ಬೀಜವನ್ನು ನೆಚ್ಚದೆ ಕಡ್ಡಿ, ಗೂಟಿ ಅಥವಾ ಕಸಿಯಿಂದ ಉಳಿಸಬೇಕು.

ಉತ್ಪರಿವರ್ತನೆಯನ್ನು ಬೇಕೆಂದೇ ಉಂಟುಮಾಡುವ ವಿಧಾನಗಳೂ ಇವೆ. ಎಕ್ಸ್-ಕಿರಣಗಳಿಂದ ಬಾರ್ಲಿಯಲ್ಲಿ ಅದು ಸಾಧ್ಯವೆಂದು ಅಮೆರಿಕೆಯ ಸ್ಟ್ಯಾಡ್ಲರ್ 1928ರಲ್ಲಿ ತೋರಿಸಿದನು. ಮುಂಬಯಿಯ ಟ್ರಾಂಬೆಯಲ್ಲಿರುವ ಭಾಭಾ ಅಣು ಸಂಶೋಧನಾ ಕೇಂದ್ರದವರು ಇಂತಹ ಕಿರಣಗಳ ನೆರವಿನಿಂದ ಶೇಂಗಾ ಮೊದಲಾದ ಬೆಳೆಗಳಲ್ಲಿ ಹಲವು ತಳಿಗಳನ್ನು ಪಡೆದಿದ್ದಾರೆ. ಅದು ತಜ್ಞರ ಕೆಲಸ. ಕಿರಣಗಳಿಗೂ ವಿಷದ್ರವ್ಯಗಳಿಗೂ ಹಿತ್ತಲಿನಲ್ಲಿ ಎಡೆಯಿಲ್ಲ. ಆದರೆ ಕಿರಣ ಹಾಯಿಸಿದ ಬೀಜವನ್ನು ಬಿತ್ತಿದ ಮೇಲೆ ತಜ್ಞರು ಮಾಡುವುದೂ ನಾವು ಹೇಳಿದ್ದನ್ನೇ: ಸಾವಿರಾರು ಸಸಿಗಳ ನಡುವೆ ನಡೆದು, ಬೇರೆಯಾದುದನ್ನು ಗುರುತಿಸಿ, ಬೇರೆಯಾಗಿ ಬಿತ್ತುವುದು.

ಪಾಲಕರಲ್ಲಿ ಒಂದು ವಿನಂತಿ

ನಮ್ಮ ತಾಯಂದಿರು ಬೂದಿ ಬೆರೆಸಿ ಗಡಿಗೆಯಲ್ಲಿಡುತ್ತಿದ್ದ ಅವರೆ, ಬದನೆ, ಹೀರೆ, ಮೆಣಸುಗಳ ಮನೆಬೀಜ ಈಗ ಎಷ್ಟು ಮನೆಗಳಲ್ಲಿದೆ? ಪೇಟೆಯ ಸಂಕರ ಬೀಜವು ಇಳುವರಿ ಹೆಚ್ಚು ಕೊಡುತ್ತದೆ, ನಿಜ. ಅದನ್ನು ಬಿತ್ತಬಾರದೆಂದು ನಾವು ಹೇಳುವುದಿಲ್ಲ. ಆದರೆ ಅದರ ಬೆಳೆಯಿಂದ ಹಿಡಿದ ಬೀಜ ಮರುವರ್ಷ ತಾಯಿಯಂತೆ ಬಾರದು, ಪ್ರತಿವರ್ಷವೂ ಕೊಳ್ಳಬೇಕಾಗುತ್ತದೆ. ಮನೆಬೀಜದಲ್ಲಿ ನೂರಾರು ವರ್ಷಗಳ ಉತ್ಪರಿವರ್ತನೆಗಳೂ ಬೆರಕೆಗಳೂ ನಮ್ಮ ಹಿರಿಯರ ಆಯ್ಕೆಯೂ ಕೂಡಿವೆ. ಗಡಿಗೆ ಬರಿದಾದರೆ ಅವೆಲ್ಲ ಒಮ್ಮೆಗೇ ಹೋದವು. ರೈತರು ಮಾಲದಂಡಿಯ ಬೀಜವನ್ನು ಉಳಿಸಿರದಿದ್ದರೆ ಮೋಹೋಳದ ವಿಜ್ಞಾನಿಗಳು ಯಾವುದರಲ್ಲಿ ಆರಿಸುತ್ತಿದ್ದರು?

ಆದುದರಿಂದ ಹಿತ್ತಲಿನ ಒಂದು ಮೂಲೆಯನ್ನು, ನಾಲ್ಕು ಕುಂಡಗಳನ್ನಾದರೂ, ಮಕ್ಕಳಿಗೆ ಬಿಟ್ಟುಕೊಡಿರಿ. ಅಜ್ಜಿಯು ಬೀಜವನ್ನು ಆರಿಸುವಾಗ ಮಗುವನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಲಿ. ನಮ್ಮ ದೇಶದ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಂತೆ ರೈತನು ತಾನು ಬೆಳೆಸಿದ ತಳಿಯನ್ನು ತನ್ನ ಹೆಸರಿನಲ್ಲಿ ನೋಂದಾಯಿಸಬಹುದು. ಅದಕ್ಕೆ ಕೇಳುವುದು ಮೂರು ಗುಣಗಳನ್ನು: ಉಳಿದ ತಳಿಗಳಿಂದ ಭಿನ್ನತೆ, ಗಿಡಗಿಡಕ್ಕೂ ಏಕರೂಪತೆ, ತಲೆಮಾರಿನಿಂದ ತಲೆಮಾರಿಗೆ ಸ್ಥಿರತೆ. ವರ್ಷವರ್ಷವೂ ಬರೆದಿಟ್ಟ ಲೆಕ್ಕ ಅಂದು ಉಪಯೋಗಕ್ಕೆ ಬಂದೀತು. ಆ ಲೆಕ್ಕವನ್ನು ಮಕ್ಕಳು ತಮ್ಮ ಮಾತಾದ ಕನ್ನಡದಲ್ಲಿಯೇ ಬರೆಯಲಿ. ಕಂಡದ್ದನ್ನು ಕಂಡಂತೆ ಬರೆಯುವುದಕ್ಕೆ ಮನೆಮಾತಿಗಿಂತ ಹೊಂದುವ ಭಾಷೆ ಬೇರೆಯಿಲ್ಲ.

ಅಭ್ಯಾಸ

1. ನಿಮ್ಮ ಓಣಿಯ ಸಂಜೆಮಲ್ಲಿಗೆ ಗಿಡಗಳ ಹೂವಿನ ಬಣ್ಣಗಳನ್ನು ಪಟ್ಟಿಮಾಡಿರಿ. ಚುಕ್ಕೆಯ ಹೂವಿದ್ದರೆ ಒಂದು ವಾರ ದಿನವೂ ಹತ್ತು ಹೂಗಳನ್ನು ನೋಡಿ ಅತಿ ದೊಡ್ಡ ಕಲೆಯ ಚಿತ್ರವನ್ನು ಬರೆಯಿರಿ.

2. ಮೆಕ್ಕೆಜೋಳದ ನೂರು ಕಾಳುಗಳನ್ನು ಬಿತ್ತಿ, ಎದ್ದ ಸಸಿಗಳನ್ನು ಎಣಿಸಿರಿ. ಬಿಳಿಯ ಸಸಿಗಳೆಷ್ಟು? ಎಷ್ಟು ದಿನ ಬದುಕಿದವು? ಒಂದೂ ಬಾರದಿದ್ದರೆ ಹಾಗೆಯೇ ಬರೆಯಿರಿ.

3. ನಿಮ್ಮ ಮನೆಯಲ್ಲಿಯಾಗಲಿ ನೆರೆಯಲ್ಲಿಯಾಗಲಿ ಇರುವ ಮನೆಬೀಜಗಳ ಹೆಸರು, ಅವನ್ನು ಇಟ್ಟವರು, ಎಷ್ಟು ವರ್ಷಗಳಿಂದ ಇದೆಯೆಂಬುದನ್ನು ಹಿರಿಯರಿಂದ ಕೇಳಿ ಬರೆಯಿರಿ.

4. ದ್ರಾಕ್ಷಿಯ ಅಥವಾ ದಾಳಿಂಬೆಯ ತೋಟವುಳ್ಳವರನ್ನು ಕಂಡು, ಉಳಿದವುಗಳಿಗಿಂತ ಭಿನ್ನವಾದ ರೆಂಬೆಯನ್ನು ಅವರು ಎಂದಾದರೂ ಕಂಡಿರುವರೇ, ಕಂಡಿದ್ದರೆ ಏನು ಮಾಡಿದರು ಎಂದು ವಿಚಾರಿಸಿರಿ.

5. ಈ ವರ್ಷದ ಸಸಿಮಡಿಯಲ್ಲಿ ಗುಂಪಿಗೆ ಸೇರದ ಒಂದು ಸಸಿಯನ್ನು ಆರಿಸಿ, ಸಂಖ್ಯೆ ಕೊಟ್ಟು, ಅದರ ಬೀಜವನ್ನು ಬೇರೆಯಾಗಿ ಇಡಿರಿ. ಶಾಲೆಯನ್ನು ಬಿಟ್ಟು ಹೋಗುವಾಗ ವಹಿಯನ್ನೂ ಬೀಜವನ್ನೂ ಕೆಳಗಿನ ತರಗತಿಯ ವಿದ್ಯಾರ್ಥಿಗೆ ಒಪ್ಪಿಸಿರಿ.